ಬೀಟಲ್ಸ್ ಚರಿತ್ರೆ: ಯಾರು ಹೇಳಿದ್ದು ನಿಜ?

ರಾಜಮಹಾರಾಜರ ಕಾಲದ ಚರಿತ್ರೆಯಲ್ಲಿ ಇಸವಿಗಳ ಬಗ್ಗೆ ವಿದ್ವಾಂಸರು ಜಗಳವಾಡುವುದು ಹೊಸದೇನಲ್ಲ. ಶಾಸನ ಒಡೆದಿರುತ್ತದೆ, ಓಲೆಗರಿ ಗೆದ್ದಲು ಹಿಡಿದಿರುತ್ತದೆ, ಕೇಳೋಣವೆಂದರೆ ಆ ಕಾಲದವರು ಯಾರೂ ಉಳಿದಿಲ್ಲ. ಆದರೆ ಪತ್ರಿಕೆ, ರೇಡಿಯೊ, ಟೆಲಿವಿಷನ್‌ಗಳ ಎದುರಿಗೇ ನಡೆದುಹೋದ, ಕೋಟ್ಯಂತರ ಜನ ಕಣ್ಣಾರೆ ಕಂಡ ಸಂಗತಿಯ ಚರಿತ್ರೆಯೂ ಜಗಳಕ್ಕೆ ಕಾರಣವಾಗಬಹುದೆ? ಆಗಬಹುದು ಎನ್ನುವುದಕ್ಕೆ ಇಂಗ್ಲೆಂಡಿನ ಬೀಟಲ್ಸ್ ತಂಡಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್, ರಿಂಗೊ ಸ್ಟಾರ್ - ಬಂದರು ನಗರ ಲಿವರ್‌ಪೂಲ್‌ನ ಈ ನಾಲ್ವರು ಹುಡುಗರ ತಂಡ ಮೊದಲ ಗಾನಮುದ್ರಿಕೆ ಹೊರತಂದದ್ದು 1962ರಲ್ಲಿ. ಒಡೆದುಹೋದದ್ದು 1970ರಲ್ಲಿ. ಎಂಟೇ ವರ್ಷಗಳ ಈ ಕಥೆಯ ಬಗ್ಗೆ ಬಂದಿರುವ ಪುಸ್ತಕಗಳನ್ನು ಒಂದು ಕಪಾಟಿನಲ್ಲಿ ಜೋಡಿಸಿಡುವುದು ಕಷ್ಟ. ಅವುಗಳಲ್ಲಿರುವ ಹೇಳಿಕೆಗಳನ್ನು ಒಂದಕ್ಕೊಂದು ಹೊಂದಿಸುವುದು ಇನ್ನೂ ಕಷ್ಟ!

ಅಧಿಕೃತ ಪುಸ್ತಕದ ಪಾಡು

ತಂಡದ ಒಪ್ಪಿಗೆ ಪಡೆದು ಬಂದ ಮೊದಲ ಜೀವನಚರಿತ್ರೆ ಪತ್ರಕರ್ತ ಹಂಟರ್ ಡೇವಿಸ್ ಅವರದು. ಪ್ರಕಟವಾದದ್ದು 1968ರಲ್ಲಿ. ನಾಲ್ವರ ಮನೆಗಳಿಗೂ ಹೋಗಿ, ಅವರ ಅಪ್ಪ ಅಮ್ಮಂದಿರನ್ನು ಮಾತನಾಡಿಸಿ, ಹಾಡು ಕಟ್ಟುವಾಗ ಪಕ್ಕದಲ್ಲೇ ಕೂತು ಬರೆದ ಪುಸ್ತಕ. ಇದಕ್ಕಿಂತ ನಂಬಲರ್ಹವಾದದ್ದು ಇನ್ನೇನಿದ್ದೀತು ಎಂದುಕೊಳ್ಳುತ್ತೇವೆ. ಆದರೆ ಅಧಿಕೃತ ಎಂಬ ಮುದ್ರೆಗೂ ಒಂದು ಬೆಲೆಯಿದೆ. ಹಸ್ತಪ್ರತಿಯನ್ನು ಸಂಬಂಧಪಟ್ಟವರಿಗೆ ತೋರಿಸಲೇಬೇಕಾಗಿತ್ತು. ಲೆನನ್‌ನನ್ನು ಸಾಕಿ ಬೆಳೆಸಿದ ದೊಡ್ಡಮ್ಮ ಮಿಮಿ ಅದನ್ನು ಓದಿ ಸಿಡಿಮಿಡಿಗೊಂಡರು. ಅವರನ್ನು ಸಮಾಧಾನಪಡಿಸಲು ಕೆಲವು ಕಡೆ ತಿದ್ದಬೇಕಾಯಿತು. ಎರಡೇ ವರ್ಷಗಳಲ್ಲಿ ಸ್ವತಃ ಲೆನನ್ ಆ ಪುಸ್ತಕವನ್ನು ಜರೆದ. ನಿಜವಾದ ಭಾಗಗಳನ್ನೆಲ್ಲ ದೊಡ್ಡಮ್ಮ ತೆಗೆಸಿದಳು ಎಂಬುದು ಅವನ ದೂರು.

ಹಾಗಾದರೆ ಲೆನನ್ ಹೇಳಿದ್ದೇ ನಿಜವೆ? 1970ರ ಡಿಸೆಂಬರ್‌ನಲ್ಲಿ ಅವನು ಅಮೆರಿಕದ 'ರೋಲಿಂಗ್ ಸ್ಟೋನ್' ಪತ್ರಿಕೆಗೆ ದೀರ್ಘ ಸಂದರ್ಶನ ಕೊಟ್ಟ. ತಂಡ ಒಡೆದ ಸಿಟ್ಟು ಇನ್ನೂ ಆರದಿದ್ದ ಹೊತ್ತು ಅದು. ಗೆಳೆಯರು, ವ್ಯವಸ್ಥಾಪಕರು, ಧ್ವನಿಮುದ್ರಣ ಮಾಡಿದವರು ಯಾರನ್ನೂ ಅವನು ಬಿಡಲಿಲ್ಲ. ಮುಂದೆ ಅದೇ ಸಂದರ್ಶನ ಪುಸ್ತಕವಾಗಿ ಹೊರಬಂದಾಗ ಅಸಮಾಧಾನಗೊಂಡವನೂ ಅವನೇ. ಆದರೆ ಮಾತು ಆಗಲೇ ಅಚ್ಚಾಗಿತ್ತು. ನಂತರ ಬಂದ ಎಷ್ಟೋ ಲೇಖಕರು ಅದನ್ನೇ ಆಧಾರವಾಗಿ ಹಿಡಿದರು.

ಅಂಗಡಿಗೆ ಬಂದ ಹುಡುಗ

ಬೀಟಲ್ಸ್ ವ್ಯವಸ್ಥಾಪಕ ಬ್ರಯನ್ ಎಪ್‌ಸ್ಟೀನ್ ಲಿವರ್‌ಪೂಲ್‌ನಲ್ಲಿ ಗ್ರಾಮಫೋನ್ ತಟ್ಟೆಗಳ ಅಂಗಡಿ ನಡೆಸುತ್ತಿದ್ದವರು. 1964ರಲ್ಲಿ ಬಂದ ಅವರ ಆತ್ಮಕಥೆಯ ಪ್ರಕಾರ, 1961ರ ಅಕ್ಟೋಬರ್ 28ರ ಶನಿವಾರ ಮಧ್ಯಾಹ್ನ ಒಬ್ಬ ಹುಡುಗ ಬಂದು ಬೀಟಲ್ಸ್ ನುಡಿಸಿದ ತಟ್ಟೆಯೊಂದನ್ನು ಕೇಳಿದ. ಎಪ್‌ಸ್ಟೀನ್‌ಗೆ ಆ ಹೆಸರೇ ಗೊತ್ತಿರಲಿಲ್ಲ. ಕುತೂಹಲದಿಂದ ಹುಡುಕಿಕೊಂಡು ಹೋದರು, ತಂಡ ಸಿಕ್ಕಿತು. ಕೇಳಲು ಸೊಗಸಾದ ಕಥೆ.

ಬಿಲ್ ಹ್ಯಾರಿ ಎಂಬುವರು ಇದನ್ನು ಒಪ್ಪಲಿಲ್ಲ. ಅವರು 'ಮರ್ಸಿ ಬೀಟ್' ಎಂಬ ಸ್ಥಳೀಯ ಸಂಗೀತ ಪತ್ರಿಕೆಯ ಸಂಪಾದಕರು. 1961ರ ಜುಲೈ 20ರ ಸಂಚಿಕೆಯ ಮುಖಪುಟದಲ್ಲೇ ಬೀಟಲ್ಸ್ ಸುದ್ದಿಯಿತ್ತು. ಆ ಪತ್ರಿಕೆ ಎಪ್‌ಸ್ಟೀನ್ ಅಂಗಡಿಯಲ್ಲೇ ಮಾರಾಟವಾಗುತ್ತಿತ್ತು. ಸಾಲದ್ದಕ್ಕೆ ಆಗಸ್ಟ್‌ನಿಂದ ಎಪ್‌ಸ್ಟೀನ್ ಅದೇ ಪತ್ರಿಕೆಗೆ ಅಂಕಣ ಬರೆಯುತ್ತಿದ್ದರು! ತನ್ನ ಅಂಕಣ ಬರುವ ಪತ್ರಿಕೆಯಲ್ಲಿ ಮತ್ತೆ ಮತ್ತೆ ಕಾಣುವ ಹೆಸರು ಅವರ ಕಣ್ಣಿಗೆ ಬಿದ್ದಿರಲಿಲ್ಲವೆ ಎಂಬುದು ಹ್ಯಾರಿ ಅವರ ಪ್ರಶ್ನೆ. ಇನ್ನು ಎಪ್‌ಸ್ಟೀನ್ ಅವರ ಸಹಾಯಕರೊಬ್ಬರು, ಅಂಥ ಹುಡುಗನೇ ಇರಲಿಲ್ಲ, ಬೇಡಿಕೆ ಪುಸ್ತಕದಲ್ಲಿ ಆ ಹೆಸರನ್ನು ಬರೆದವನು ನಾನೇ ಎಂದುಬಿಟ್ಟರು. ಅಷ್ಟಕ್ಕೇ ಮುಗಿಯಿತೆ? ಇಲ್ಲ. ಅದೇ ಹೆಸರಿನ ವ್ಯಕ್ತಿಯನ್ನು ಸಂಶೋಧಕರು ಪತ್ತೆಮಾಡಿದರು. ಅಂಗಡಿಗೆ ಹೋಗಿದ್ದು ನಿಜ ಎಂದು ಆತ ಹೇಳಿದ. ಸುಳ್ಳೆಂದು ಪಕ್ಕಕ್ಕಿಟ್ಟ ಹುಡುಗ ಮುದುಕನಾಗಿ ಮರಳಿ ಚರಿತ್ರೆಯೊಳಗೆ ಬಂದ! ಹುಡುಗ ಬಂದದ್ದೂ ನಿಜವಿರಬಹುದು, ಎಪ್‌ಸ್ಟೀನ್‌ಗೆ ಹೆಸರು ಮೊದಲೇ ಗೊತ್ತಿದ್ದದ್ದೂ ನಿಜವಿರಬಹುದು. ಎರಡಕ್ಕೂ ವಿರೋಧವಿಲ್ಲ.

ಹೆಸರು ಕೆಟ್ಟವರು

ಇವೆಲ್ಲ ಅಭಿಮಾನಿಗಳ ಹರಟೆ, ಇದರಿಂದ ಯಾರಿಗೇನು ನಷ್ಟ ಎನ್ನಬಹುದು. ಆದರೆ ಇಂಥ ಕಥೆಗಳಿಂದ ಹೆಸರು ಕೆಟ್ಟವರಿದ್ದಾರೆ.

1962ರ ಜನವರಿ 1ರಂದು ಲಂಡನ್ನಿನ ಡೆಕ್ಕಾ ಕಂಪನಿ ಬೀಟಲ್ಸ್‌ರಿಂದ 15 ಹಾಡು ಹಾಡಿಸಿ ಪರೀಕ್ಷಿಸಿತು. ಕೊನೆಗೆ ಬೇಡವೆಂದಿತು. ಗಿಟಾರ್ ತಂಡಗಳ ಕಾಲ ಮುಗಿಯಿತು ಎಂದು ಕಂಪನಿಯ ಅಧಿಕಾರಿ ಡಿಕ್ ರೋ ಹೇಳಿದರೆಂದು ಎಪ್‌ಸ್ಟೀನ್ ಬರೆದರು. ಅಂದಿನಿಂದ ರೋ ಅವರಿಗೆ 'ಬೀಟಲ್ಸ್ ಬೇಡವೆಂದ ಮನುಷ್ಯ' ಎಂಬ ಬಿರುದು ಅಂಟಿಕೊಂಡಿತು. ತಾವು ಆ ಮಾತು ಆಡಲೇ ಇಲ್ಲ ಎಂದು ಅವರು ಹೇಳುತ್ತಲೇ ಬಂದರು. 1963ರಲ್ಲಿ ರೋಲಿಂಗ್ ಸ್ಟೋನ್ಸ್ ಎಂಬ ಗಿಟಾರ್ ತಂಡವನ್ನೇ ಡೆಕ್ಕಾಕ್ಕೆ ಸೇರಿಸಿಕೊಂಡವರು ಇದೇ ರೋ. ಅವರಿಗೆ ಆ ತಂಡದ ಸುಳಿವು ಕೊಟ್ಟವನು ಜಾರ್ಜ್ ಹ್ಯಾರಿಸನ್! 1986ರಲ್ಲಿ ರೋ ತೀರಿಕೊಂಡರು. ಬಿರುದು ಮಾತ್ರ ಉಳಿದಿದೆ. ಅದಕ್ಕೆ ಆಧಾರ, ಎದುರಾಳಿಯಾಗಿ ಕೂತು ಮಾತಾಡಿದ ಒಬ್ಬರ ಬರವಣಿಗೆಯಷ್ಟೇ.

ಇನ್ನೊಬ್ಬ ಪೀಟ್ ಬೆಸ್ಟ್. ರಿಂಗೊಗಿಂತ ಮೊದಲು ಎರಡು ವರ್ಷ ತಂಡದ ಡ್ರಮ್ಸ್ ವಾದಕ. 1962ರ ಆಗಸ್ಟ್ 16ರಂದು ಎಪ್‌ಸ್ಟೀನ್ ಅವನನ್ನು ಕರೆದು, ನೀನಿನ್ನು ತಂಡದಲ್ಲಿಲ್ಲ ಎಂದರು. ಜೊತೆಯ ಮೂವರು ಎದುರಿಗೆ ಬರಲಿಲ್ಲ. ಅವನ ನುಡಿಸಾಣಿಕೆ ಸಾಲದಾಗಿತ್ತು ಎಂದು ಕೆಲವರು ಬರೆದರು. ಅವನ ಚೆಲುವಿಕೆ ಕಂಡು ಉಳಿದವರಿಗೆ ಹೊಟ್ಟೆಕಿಚ್ಚು ಎಂದರು ಇನ್ನು ಕೆಲವರು. ಸ್ವಭಾವ ಹೊಂದಲಿಲ್ಲ ಎಂಬುದು ಮತ್ತೊಂದು ಪಕ್ಷ. 1965ರಲ್ಲಿ ಅಚ್ಚಾದ ಸಂದರ್ಶನವೊಂದರ ಮಾತು ತನ್ನ ಮಾನ ಕಳೆಯಿತೆಂದು ಬೆಸ್ಟ್ ಮೊಕದ್ದಮೆ ಹೂಡಿದ. ಅದು ರಾಜಿಯಲ್ಲಿ ಮುಗಿಯಿತು.

ಕಾಗದ ಹೇಳುವ ಸಾಕ್ಷಿ

1988ರಲ್ಲಿ ಮಾರ್ಕ್ ಲೂಯಿಸನ್ ಎಂಬ ಸಂಶೋಧಕರ ಪುಸ್ತಕವೊಂದು ಬಂತು. ಇಎಂಐ ಕಂಪನಿಯ ಸ್ಟುಡಿಯೋದ ದಾಖಲೆ ಹಾಗೂ ಧ್ವನಿಸುರುಳಿಗಳನ್ನು ನೋಡಿ, ಕೇಳಿ, ಯಾವ ದಿನ ಯಾವ ಹಾಡನ್ನು ಎಷ್ಟು ಸಲ ನುಡಿಸಿದರು ಎಂದು ಅವರು ದಿನಚರಿಯಂತೆ ಬರೆದಿಟ್ಟರು. ನೆನಪಿನ ಜಾಗಕ್ಕೆ ಕಾಗದ ಬಂತು.

'ಲವ್ ಮಿ ಡು' ಎಂಬ ಮೊದಲ ಹಾಡನ್ನೇ ನೋಡಿ. ಅದು ಮೂರು ಸಲ, ಮೂವರು ಡ್ರಮ್ಸ್ ವಾದಕರೊಂದಿಗೆ ಮುದ್ರಣವಾಯಿತು. 1962ರ ಜೂನ್ 6ರಂದು ಬೆಸ್ಟ್, ಸೆಪ್ಟೆಂಬರ್ 4ರಂದು ರಿಂಗೊ, ಸೆಪ್ಟೆಂಬರ್ 11ರಂದು ಕೂಲಿಗೆ ಕರೆಸಿದ ಆಂಡಿ ವೈಟ್. ವೈಟ್ ನುಡಿಸಿದ ದಿನ ರಿಂಗೊಗೆ ಸಿಕ್ಕಿದ್ದು ಗೆಜ್ಜೆಬಿಲ್ಲೆಯ ಟ್ಯಾಂಬೊರಿನ್ ಮಾತ್ರ. ಹಾಗಾಗಿ ಕೇಳುವಾಗ ಟ್ಯಾಂಬೊರಿನ್ ಸದ್ದಿದ್ದರೆ ಡ್ರಮ್ಸ್ ವೈಟ್‌ನದು, ಇಲ್ಲದಿದ್ದರೆ ರಿಂಗೊನದು. ಚರಿತ್ರೆಯನ್ನು ಕಿವಿಯಿಂದಲೇ ಪರೀಕ್ಷಿಸಬಹುದಾದ ಅಪರೂಪದ ಪ್ರಸಂಗ ಇದು.

ಆದರೆ ಕಾಗದವೂ ಎಲ್ಲ ಸಲ ಜಗಳ ನಿಲ್ಲಿಸುವುದಿಲ್ಲ. ಜೂನ್ 6ರಂದು ಹುಡುಗರನ್ನು ಪರೀಕ್ಷಿಸಿ, ಮೆಚ್ಚಿ, ಆಮೇಲೆ ಒಪ್ಪಂದ ಮಾಡಿಕೊಂಡೆ ಎಂದು ಇಎಂಐನ ನಿರ್ಮಾಪಕ ಜಾರ್ಜ್ ಮಾರ್ಟಿನ್ ಹೇಳುತ್ತಿದ್ದರು. ಒಪ್ಪಂದದ ಕಾಗದದ ಮೇಲಿರುವ ದಿನಾಂಕ ಜೂನ್ 4. ಅಂದರೆ ಪರೀಕ್ಷೆಗೆ ಎರಡು ದಿನ ಮೊದಲು! ದಿನಾಂಕವನ್ನು ಹಿಂದಕ್ಕೆ ಹಾಕಿರಬೇಕು ಎಂದು ಹಲವರು ಸಮಾಧಾನ ಹೇಳಿದರು. 2013ರಲ್ಲಿ ತಮ್ಮ ದೊಡ್ಡ ಚರಿತ್ರೆಯ ಮೊದಲ ಸಂಪುಟ ತಂದ ಲೂಯಿಸನ್ ಬೇರೆಯೇ ವಾದ ಮುಂದಿಟ್ಟರು. ಇಎಂಐನ ಹಾಡು ಪ್ರಕಾಶನ ಶಾಖೆಗೆ ಲೆನನ್-ಮೆಕಾರ್ಟ್ನಿ ಹಾಡುಗಳ ಹಕ್ಕು ಬೇಕಿತ್ತು, ಅದರ ಒತ್ತಾಯದಿಂದ ಒಪ್ಪಂದ ಮೊದಲೇ ಸಿದ್ಧವಾಗಿತ್ತು ಎಂಬುದು ಅವರ ನಿಲುವು. ಇದನ್ನು ಒಪ್ಪದವರೂ ಇದ್ದಾರೆ.

ಐದು ವರ್ಷದ ಮಗು

ಅದೇ ಸಂಪುಟ ಇನ್ನೊಂದು ಪ್ರಸಿದ್ಧ ಕಥೆಯನ್ನೂ ಅಲುಗಾಡಿಸಿತು. 1946ರಲ್ಲಿ, ಲೆನನ್‌ಗೆ ಐದು ವರ್ಷ. ಬೇರೆ ಬೇರೆಯಾಗಿದ್ದ ತಂದೆ ತಾಯಿ ಬ್ಲ್ಯಾಕ್‌ಪೂಲ್ ಎಂಬ ಊರಿನ ಒಂದು ಮನೆಯಲ್ಲಿ ಮಗನನ್ನು ನಡುವೆ ನಿಲ್ಲಿಸಿ, ಯಾರು ಬೇಕು ಹೇಳು ಎಂದರಂತೆ. ಮಗು ಅಪ್ಪ ಎಂದಿತಂತೆ. ತಾಯಿ ಹೊರಟಾಗ ಅಳುತ್ತ ಅವಳ ಹಿಂದೆ ಓಡಿತಂತೆ. ಈ ಕಥೆ ಹಬ್ಬಿದ್ದು ತಂದೆಯ ಬಾಯಿಂದ. ಲೆನನ್‌ನ ಸಿಟ್ಟು, ಅವನ ಹಾಡಿನ ನೋವು ಎಲ್ಲಕ್ಕೂ ಲೇಖಕರು ಇದನ್ನೇ ಬೇರೆಂದು ತೋರಿಸಿದರು. ಆದರೆ ಆ ಮನೆ ತಂದೆಯ ನಾವಿಕ ಗೆಳೆಯನ ಹೆತ್ತವರದು. ಆ ಗೆಳೆಯನನ್ನು ಲೂಯಿಸನ್ ಹುಡುಕಿ ಕೇಳಿದಾಗ, ಅಂಥ ಎಳೆದಾಟ ನಡೆಯಲೇ ಇಲ್ಲ, ದೊಡ್ಡವರು ಮಾತಾಡಿಕೊಂಡರು, ತಾಯಿ ಮಗುವನ್ನು ಕರೆದುಕೊಂಡು ಹೋದಳು ಎಂದ. ಒಂದು ಮಗುವಿನ ಮನಸ್ಸಿನ ಚರಿತ್ರೆ, ಕೇಳುವವರು ಯಾರನ್ನು ಕೇಳಿದರು ಎಂಬುದರ ಮೇಲೆ ನಿಂತಿತ್ತು.

ಭಾರತಕ್ಕೂ ಈ ಗೊಂದಲದಲ್ಲಿ ಪಾಲಿದೆ. 1968ರ ಫೆಬ್ರುವರಿಯಲ್ಲಿ ನಾಲ್ವರೂ ಹೃಷಿಕೇಶದ ಮಹರ್ಷಿ ಮಹೇಶ ಯೋಗಿಗಳ ಆಶ್ರಮಕ್ಕೆ ಧ್ಯಾನ ಕಲಿಯಲು ಬಂದರು. ಏಪ್ರಿಲ್ 12ರಂದು ಲೆನನ್, ಹ್ಯಾರಿಸನ್ ಮುನಿಸಿಕೊಂಡು ಹೊರಟುಹೋದರು. ಯೋಗಿಗಳ ನಡತೆಯ ಬಗ್ಗೆ ಜೊತೆಗಿದ್ದವನೊಬ್ಬ ಹೇಳಿದ ಮಾತೇ ಇದಕ್ಕೆ ಕಾರಣ. ಆ ಮಾತು ಸಾಬೀತಾಗಲಿಲ್ಲ. ಅದು ನಿಜವಲ್ಲ ಎಂದು ಮುಂದೆ ಹ್ಯಾರಿಸನ್ನನೇ ಹೇಳಿದ.

ಒಂದೇ ರೀಲು, ಎರಡು ಕಥೆ

ಲೆನನ್ ಹತ್ಯೆಯಾದದ್ದು 1980ರ ಡಿಸೆಂಬರ್‌ನಲ್ಲಿ. ಮರುವರ್ಷ ಬಂದ ಫಿಲಿಪ್ ನಾರ್ಮನ್ ಅವರ 'ಶೌಟ್' ಪುಸ್ತಕದಲ್ಲಿ ಲೆನನ್ ಮೇಧಾವಿಯಾಗಿ ಕಂಡ, ಮೆಕಾರ್ಟ್ನಿ ಲೆಕ್ಕಾಚಾರದ ಮನುಷ್ಯನಾಗಿ ಕಂಡ. ಅದು ಲಕ್ಷಾಂತರ ಓದುಗರ ನಂಬಿಕೆಯಾಯಿತು. ಅದೇ ನಾರ್ಮನ್ 2016ರಲ್ಲಿ ಮೆಕಾರ್ಟ್ನಿಯ ಜೀವನಚರಿತ್ರೆ ಬರೆದು ತಮ್ಮ ಧೋರಣೆ ತಿದ್ದಿಕೊಂಡರು. ಕಾಲ ಸರಿದಂತೆ ಚರಿತ್ರೆಯ ತಕ್ಕಡಿ ಹೀಗೆ ಒಮ್ಮೆ ಒಬ್ಬನ ಕಡೆ, ಇನ್ನೊಮ್ಮೆ ಮತ್ತೊಬ್ಬನ ಕಡೆ ವಾಲುವುದನ್ನು ಎರಿನ್ ವೆಬರ್ ಎಂಬ ಅಮೆರಿಕದ ಇತಿಹಾಸಕಾರ್ತಿ 2016ರಲ್ಲಿ ಒಂದು ಪುಸ್ತಕದಲ್ಲಿಯೇ ವಿವರಿಸಿದ್ದಾರೆ. ಬೀಟಲ್ಸ್ ಪುಸ್ತಕಗಳನ್ನು ಅವರು ಇತಿಹಾಸದ ವಿದ್ಯಾರ್ಥಿ ಆಕರಗಳನ್ನು ಒರೆಹಚ್ಚುವ ರೀತಿಯಲ್ಲೇ ಒರೆಹಚ್ಚಿ ನೋಡಿದರು.

ತಂಡ ಒಡೆದದ್ದೇಕೆ ಎಂಬ ಪ್ರಶ್ನೆಗಂತೂ ಊರಿಗೊಂದು ಉತ್ತರವಿತ್ತು. ಬಿಟ್ಟೆನೆಂದು 1970ರ ಏಪ್ರಿಲ್‌ನಲ್ಲಿ ಲೋಕಕ್ಕೆ ಮೊದಲು ತಿಳಿಸಿದವನು ಮೆಕಾರ್ಟ್ನಿಯಾದ್ದರಿಂದ ತಪ್ಪು ಅವನ ತಲೆಗೆ ಬಂತು. ಆದರೆ ಲೆನನ್ 1969ರ ಸೆಪ್ಟೆಂಬರ್‌ನಲ್ಲೇ ಗೆಳೆಯರೆದುರು ಆ ಮಾತು ಆಡಿಯಾಗಿತ್ತು. ಲೆನನ್‌ನ ಪತ್ನಿ, ಜಪಾನ್ ಮೂಲದ ಕಲಾವಿದೆ ಯೋಕೊ ಓನೊ ತಂಡ ಒಡೆದಳು ಎಂಬ ಮಾತು ಗಾದೆಯಂತೆ ಹರಡಿತು. 1969ರ ಜನವರಿಯಲ್ಲಿ ಚಿತ್ರೀಕರಿಸಿ 1970ರಲ್ಲಿ ತೆರೆಕಂಡ 'ಲೆಟ್ ಇಟ್ ಬಿ' ಚಿತ್ರದಲ್ಲಿ ಜನ ಬೇಸರ, ಮುನಿಸುಗಳನ್ನೇ ಕಂಡರು. ಅದೇ ತಿಂಗಳು ತೆಗೆದ ಸುಮಾರು 60 ಗಂಟೆಗಳ ಚಿತ್ರಸುರುಳಿಯನ್ನು ಇಟ್ಟುಕೊಂಡು ಪೀಟರ್ ಜಾಕ್ಸನ್ 2021ರಲ್ಲಿ 'ಗೆಟ್ ಬ್ಯಾಕ್' ಎಂಬ ಸುಮಾರು ಎಂಟು ಗಂಟೆಯ ಚಿತ್ರ ಮಾಡಿದಾಗ ಅಲ್ಲಿ ನಗು, ಕುಚೋದ್ಯ, ಕಷ್ಟಪಟ್ಟು ಹಾಡು ಕಟ್ಟುವ ಶ್ರಮ ಎಲ್ಲವೂ ಕಂಡವು. ಯೋಕೊ ಒಂದು ಬದಿಗೆ ಕೂತು ಪತ್ರಿಕೆ ಓದುತ್ತಿದ್ದಳು! ಐವತ್ತು ವರ್ಷದ ಮೇಲೆ ಜನ, ಯೋಕೊ ಧ್ವನಿವರ್ಧಕದ ಮೇಲೆ ಕೂತದ್ದಕ್ಕೆ ತಂಡ ಒಡೆಯಿತು ಎಂದಾರು ಎಂದು ಮೆಕಾರ್ಟ್ನಿ ನಗೆಯಾಡುವುದೂ ಅದರಲ್ಲಿ ದಾಖಲಾಗಿದೆ. ಹಾಗೆಂದು ಎರಡನೆಯ ಚಿತ್ರವೇ ಪರಮಸತ್ಯವಲ್ಲ. 60 ಗಂಟೆಯಲ್ಲಿ ಎಂಟನ್ನು ಆರಿಸಿದವರೂ ಮನುಷ್ಯರೇ.

'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬ ಗಾದೆ ನಮ್ಮಲ್ಲಿದೆ. ಕಂಡವನ ಮಾತಿಗೆ ಬೆಲೆಯಿಲ್ಲ ಎಂದು ಅದರ ಅರ್ಥವಲ್ಲ. ಕಂಡವನು ಯಾವಾಗ ಹೇಳಿದ, ಯಾರ ಮೇಲಿನ ಸಿಟ್ಟಿನಲ್ಲಿ ಹೇಳಿದ, ಅವತ್ತೇ ಬರೆದಿಟ್ಟ ಚೀಟಿ ಏನನ್ನುತ್ತದೆ ಎಂದು ಪಕ್ಕಪಕ್ಕಕ್ಕೆ ಇಟ್ಟು ನೋಡಬೇಕು. ಇದನ್ನು ಅಭ್ಯಾಸ ಮಾಡಲು ಲಿವರ್‌ಪೂಲ್‌ಗೆ ಹೋಗಬೇಕಾಗಿಲ್ಲ. ಮನೆಯಲ್ಲಿ ನಡೆದ ಹಳೆಯ ಮದುವೆಯೊಂದರ ಬಗ್ಗೆ ಅಜ್ಜಿಯನ್ನು, ಅತ್ತೆಯನ್ನು, ಸೋದರಮಾವನನ್ನು ಬೇರೆಬೇರೆಯಾಗಿ ಕೇಳಿ ಬರೆದುಕೊಳ್ಳಿ. ಆಮೇಲೆ ಕಬ್ಬಿಣದ ಪೆಟ್ಟಿಗೆಯಲ್ಲಿರುವ ಲಗ್ನಪತ್ರಿಕೆ ತೆಗೆದು ನೋಡಿ. ಮೂವರೂ ಸುಳ್ಳು ಹೇಳಿರುವುದಿಲ್ಲ. ಆದರೂ ತಾರೀಖು, ಊರು, ಮುನಿಸಿಕೊಂಡು ಹೋದ ನೆಂಟರ ಹೆಸರು ಒಬ್ಬೊಬ್ಬರದು ಒಂದೊಂದಾಗಿರುತ್ತದೆ.