ಬೆರಕೆಯೋ, ಕಲಬೆರಕೆಯೋ?

1905ನೆಯ ಇಸವಿಯಲ್ಲಿ ಲಂಡನ್ನಿನ ಇಸ್ಲಿಂಗ್‌ಟನ್ ಪುರಸಭೆಯು ಮದ್ಯ ಮಾರುವ ಇಬ್ಬರ ಮೇಲೆ ಮೊಕದ್ದಮೆ ಹೂಡಿತು. ಗಿರಾಕಿ ಕೇಳಿದ್ದು ವಿಸ್ಕಿ. ಇವರು ಕೊಟ್ಟದ್ದು ವಿಸ್ಕಿಯೇ ಅಲ್ಲ ಎಂಬುದು ಆರೋಪ. ಮರುವರ್ಷ ನ್ಯಾಯಾಧೀಶರು ಪುರಸಭೆಯ ವಾದವನ್ನೇ ಎತ್ತಿಹಿಡಿದಾಗ ಸ್ಕಾಟ್ಲೆಂಡಿನ ದೊಡ್ಡ ವರ್ತಕರಿಗೆ ದಿಗಿಲು ಹತ್ತಿತು. ಅವರ ಸಿರಿಯೆಲ್ಲ ನಿಂತಿದ್ದುದು ಇಂಥ ಬೆರಕೆಯ ವಿಸ್ಕಿಯ ಮೇಲೆಯೇ.

ಹಳೆಯ ಪದ್ಧತಿಯ ವಿಸ್ಕಿಗೆ ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸುತ್ತಾರೆ. ಮಗುವಿನ ಸರಿಗಾಗಿ ನಮ್ಮ ಮನೆಗಳಲ್ಲಿ ರಾಗಿಯನ್ನು ಮೊಳಕೆ ಕಟ್ಟುವುದಿಲ್ಲವೆ? ಕಾಳಿನ ಪಿಷ್ಟವು ಸಕ್ಕರೆಯಾಗಲು ಅಣಿಯಾಗುವ ಬಗೆ ಎರಡರಲ್ಲಿಯೂ ಒಂದೇ. ಒಣಗಿಸುವಾಗ, ಜೌಗುನೆಲದಿಂದ ಅಗೆದು ತೆಗೆದ ‘ಪೀಟ್’ ಎಂಬ ಇಂಧನದ ಹೊಗೆ ತಗುಲಿಸಿದರೆ ಅದರ ವಾಸನೆ ಕೊನೆಯ ಹನಿಯವರೆಗೂ ಬಿಡದು. ಐಲಾ ದ್ವೀಪದ ಕೆಲವು ಮದ್ಯಗಳಲ್ಲಿ ಇದು ಎಷ್ಟು ತೀಕ್ಷ್ಣವೆಂದರೆ, ಹೊಸಬರಿಗೆ ಆಸ್ಪತ್ರೆಯ ನೆನಪಾದೀತು! ತಾಮ್ರದ ಪಾತ್ರೆಯಲ್ಲಿ ಸಾಮಾನ್ಯವಾಗಿ ಎರಡು ಸಲ ಭಟ್ಟಿ ಇಳಿಸಿದ ಈ ಮಾಲ್ಟ್ ವಿಸ್ಕಿಯ ಸ್ವಭಾವ ಗಾಢ, ಕೆಲವೊಮ್ಮೆ ಒರಟು.

1830ರಲ್ಲಿ, ಹಿಂದೆ ಐರ್ಲೆಂಡಿನ ಸುಂಕಾಧಿಕಾರಿಯಾಗಿದ್ದ ಈನಿಯಸ್ ಕಾಫಿ ಎಂಬಾತನು ಗೋಪುರಾಕೃತಿಯ ಹೊಸ ಭಟ್ಟಿಯೊಂದಕ್ಕೆ ಪೇಟೆಂಟ್ ಪಡೆದನು. ಇತರ ಧಾನ್ಯಗಳಿಂದಲೂ ಅದು ಎಡೆಬಿಡದೆ ಮದ್ಯ ಇಳಿಸಬಲ್ಲುದು. ಆ ಮದ್ಯ ಅಗ್ಗ, ಹಗುರ, ಗುಣದಲ್ಲಿ ಸೌಮ್ಯ. ಸುಂಕ ತೆರುವ ಮುನ್ನವೇ ಉಗ್ರಾಣದಲ್ಲಿ ಈ ಎರಡನ್ನೂ ಬೆರೆಸಲು 1860ರ ಕಾನೂನು ಎಡೆಗೊಟ್ಟಿತು. ಕಿಲ್ಮಾರ್ನಾಕಿನ ವಾಕರ್ ಮನೆತನ, ಅಬರ್ಡೀನಿನ ಷಿವಾಸ್ ಸೋದರರು ಮೂಲತಃ ದಿನಸಿ ವ್ಯಾಪಾರಿಗಳು. ಹದವರಿತು ಬೆರೆಸುವ ಕಲೆ ಅಂಥವರ ಕೈಯಲ್ಲಿ ಬೆಳೆಯಿತು.

ಬೆರೆಸುವವನ ಮುಖ್ಯ ಆಯುಧ ನಾಲಗೆಯಲ್ಲ, ಮೂಗು. ಮಾದರಿಗೆ ನೀರು ಬೆರೆಸಿ ತೆಳುಮಾಡಿ, ಮೂಸಿಯೇ ಆತನು ಗುಣವನ್ನು ನಿರ್ಣಯಿಸುತ್ತಾನೆ. ಹೊಗೆಯ ಮಾಲ್ಟ್ ಅವನಿಗೆ ಸಾರಿನ ಇಂಗಿನಂತೆ: ಇಲ್ಲದಿದ್ದರೆ ಕೊರತೆ, ಮಿಕ್ಕರೆ ಮಿಕ್ಕೆಲ್ಲವೂ ಕೆಟ್ಟಿತು. ಜಾನಿ ವಾಕರ್ ಬ್ಲ್ಯಾಕ್ ಲೇಬಲ್ಲಿನಲ್ಲಿ ಒಣದ್ರಾಕ್ಷಿಯ, ವೆನಿಲಾದ ಸಿಹಿ ಮೊದಲು ಬಂದು, ತೆಳುಹೊಗೆ ಹಿಂದೆ ಸುಳಿಯುತ್ತದೆ. ವೆನಿಲಾದ ಕಂಪು ಓಕ್ ಮರದ ಪೀಪಾಯಿಯ ಕೊಡುಗೆ. ಸೀಸೆಯ ಮೇಲಿನ ‘12 ವರ್ಷ’ ಎಂಬುದು ಬೆರಕೆಯಲ್ಲಿ ಎಲ್ಲಕ್ಕಿಂತ ಎಳೆಯದರ ವಯಸ್ಸು. ಉಳಿದವು ಇನ್ನೂ ಹಿರಿಯವಿರಬಹುದು.

ಇಸ್ಲಿಂಗ್‌ಟನ್ನಿನ ತೀರ್ಪು ಶಾಸ್ತ್ರಕ್ಕೆ ಸರಿಯೆನಿಸಿದರೂ ರುಚಿಗೆ ಅನ್ಯಾಯವೇ ಸರಿ. ವ್ಯಾಜ್ಯ ಬಗೆಹರಿಯದೆ 1908ರಲ್ಲಿ ರಾಜಾಯೋಗವನ್ನೇ ನೇಮಿಸಬೇಕಾಯಿತು. ಎರಡು ಬಗೆಯ ಭಟ್ಟಿಯ ಮದ್ಯವೂ, ಅವುಗಳ ಬೆರಕೆಯೂ ವಿಸ್ಕಿಯೇ ಎಂದು ಆಯೋಗವು 1909ರಲ್ಲಿ ಸಾರಿತು. ವಾಕರ್ ಮನೆತನದವರು ತಮ್ಮ ವಿಸ್ಕಿಗಳಿಗೆ ರೆಡ್ ಲೇಬಲ್, ಬ್ಲ್ಯಾಕ್ ಲೇಬಲ್ ಎಂಬ ಹೆಸರಿಟ್ಟುದೂ ಅದೇ ವರ್ಷ.

ಆದರೆ ಮದ್ಯವು ಇಂತಿಷ್ಟು ವರ್ಷ ಮಾಗಿರಬೇಕೆಂದು ಆಯೋಗವು ವಿಧಿಸಲಿಲ್ಲ. ಆ ಕಟ್ಟಳೆ ಬಂದುದು ಮಹಾಯುದ್ಧದ ನಡುವೆ, 1915ರಲ್ಲಿ. ಕುಡಿತವನ್ನು ಹತ್ತಿಕ್ಕಹೊರಟ ಲಾಯ್ಡ್ ಜಾರ್ಜರ ಕಾಲದ ಆ ಕಾನೂನು, ಎಳೆಯ ಮದ್ಯದ ಮಾರಾಟವನ್ನು ತಡೆದು, ವಿಸ್ಕಿಯ ರುಚಿಯನ್ನೇ ಹೆಚ್ಚಿಸಿತು! ಕನಿಷ್ಠ 3 ವರ್ಷ ಓಕ್ ಪೀಪಾಯಿಯಲ್ಲಿ ಮಾಗದೆ ಇಂದಿಗೂ ಯಾವ ಮದ್ಯವೂ ಸ್ಕಾಚ್ ಎನಿಸಿಕೊಳ್ಳಲಾರದು.