ಹಾಯಿ ಹಡಗಿನಲ್ಲಿ ಸಂಸಾರ

ಸೂರತ್ ಮಹಾನಗರ ಪಾಲಿಕೆಯ ಮುಖ್ಯ ಕಚೇರಿ ಇರುವುದು ಮುಗಲ್‌ಸರಾಯಿಯಲ್ಲಿ. ಚೌಕ್ ಬಜಾರಿನ ಗಲಾಟೆಯ ಪಕ್ಕದಲ್ಲೇ ದಪ್ಪ ಗೋಡೆ, ಎತ್ತರದ ಕಮಾನಿನ ಕಟ್ಟಡ. ಜನ ಇಲ್ಲಿಗೆ ತೆರಿಗೆ, ಪರವಾನಗಿ, ಸಹಿ ಅಂತ ಬರುತ್ತಾರೆ. 1644ರಲ್ಲಿ, ಷಹಜಹಾನನ ಆಳ್ವಿಕೆಯಲ್ಲಿ, ಇದನ್ನು ಕಟ್ಟಿಸಿದ್ದು ಹಡಗು ಕಾಯುವವರಿಗಾಗಿ. ಆಗ್ರಾ, ಲಾಹೋರ್, ಅಹಮದಾಬಾದ್ ಕಡೆಯಿಂದ ಮೆಕ್ಕಾ ಯಾತ್ರೆಗೆ ಹೊರಟವರು ಗಂಟುಮೂಟೆ, ಹೆಂಡತಿ ಮಕ್ಕಳು, ವಯಸ್ಸಾದ ತಾಯಂದಿರ ಸಮೇತ ಬಂದು ಇಲ್ಲಿ ಇಳಿದುಕೊಳ್ಳುತ್ತಿದ್ದರು. ಗಾಳಿ ತಿರುಗಬೇಕು, ಪೋರ್ಚುಗೀಸರ ಪರವಾನಗಿ ಚೀಟಿ ಬರಬೇಕು, ಹಡಗಿಗೆ ಸರಕು ತುಂಬಬೇಕು. ಅಲ್ಲಿಯ ತನಕ ಸರಾಯಿಯೇ ಮನೆ. ಆಮೇಲೆ ಹಡಗೇ ಮನೆ.

ಈಚಿನ ವರ್ಷಗಳಲ್ಲಿ ಭಾರತೀಯ ನೌಕಾಪಡೆಯ ಮಾಜಿ ಅಧಿಕಾರಿಯೊಬ್ಬರು ಹೆಂಡತಿ ಮತ್ತು ಪುಟ್ಟ ಮಗಳ ಜೊತೆ ಹಾಯಿದೋಣಿಯಲ್ಲೇ ಸಂಸಾರ ಹೂಡಿದ್ದು ಸುದ್ದಿಯಾಯಿತು. ಶಾಲೆಗೇನು ಮಾಡುತ್ತಾರೆ, ಜ್ವರ ಬಂದರೆ ಯಾರು ನೋಡುತ್ತಾರೆ ಎಂದು ಓದಿದವರೆಲ್ಲ ಹುಬ್ಬೇರಿಸಿದರು. ಕಡಲೆಂದರೆ ಗಂಡಸರ ಜಾಗ ಎಂಬ ಎಣಿಕೆ ನಮ್ಮಲ್ಲಿ ಅಷ್ಟು ಗಟ್ಟಿ. ಶಾಲೆಯ ಚರಿತ್ರೆ ಪುಸ್ತಕಗಳಲ್ಲೂ ನಾವಿಕ, ವರ್ತಕ, ಕಡಲ್ಗಳ್ಳರೇ ತುಂಬಿದ್ದಾರೆ. ಆದರೆ ಸೂರತ್ತಿನಿಂದ ಎರಡು ಶತಮಾನಕ್ಕೂ ಹೆಚ್ಚು ಕಾಲ ಹೊರಟ ಯಾತ್ರಾ ಹಡಗುಗಳಲ್ಲಿ ಒಲೆ ಉರಿಯುತ್ತಿತ್ತು, ಮಕ್ಕಳು ಅಳುತ್ತಿದ್ದವು, ಬೇಗಂಗಳು ಪರದೆಯ ಹಿಂದೆ ದಿನ ಎಣಿಸುತ್ತಿದ್ದರು. ಫಿರಂಗಿ ಮತ್ತು ಲೂಟಿಯ ಕಥೆಯೊಳಗೆ ಈ ಸಂಸಾರ ಮುಚ್ಚಿಹೋಗಿದೆ.

ಸೂರತ್ತಿಗೂ ಮೊದಲೇ ಗುಜರಾತಿನ ಕರಾವಳಿ ಇದನ್ನು ಕಂಡಿತ್ತು. 1342ರಲ್ಲಿ ಪ್ರವಾಸಿ ಇಬ್ನ್ ಬತೂತ ದೆಹಲಿ ಸುಲ್ತಾನನ ರಾಯಭಾರಿಯಾಗಿ ಚೀನಾಕ್ಕೆ ಹೊರಟಾಗ ಖಂಭಾತದ ಮೇಲೆ ಬಂದು, ಈಗ ಭರೂಚ್ ಜಿಲ್ಲೆಗೆ ಸೇರಿದ ಗಂಧಾರ್ ಬಂದರಿನಲ್ಲಿ 'ಜಾಗೀರ್' ಎಂಬ ಹಡಗು ಹತ್ತಿದ. ಅದರಲ್ಲಿ ಐವತ್ತು ಹುಟ್ಟುಗಾರರು, ಕಾವಲಿಗೆ ಐವತ್ತು ಹಬ್ಶಿ ಸಿಪಾಯಿಗಳು. ದಾರಿಯಲ್ಲಿ ನಮ್ಮ ಹೊನ್ನಾವರದಲ್ಲಿ ಇಳಿದು, ಆ ಊರಿನಲ್ಲಿ ಹೆಣ್ಣುಮಕ್ಕಳಿಗೇ ಹದಿಮೂರು ಶಾಲೆಗಳಿರುವುದನ್ನು ಕಂಡು ಬೆರಗಾದ. ಅಲ್ಲಿಂದ ಮುಂದೆ ಕಲ್ಲಿಕೋಟೆಯಲ್ಲಿ ಚೀನೀ ಹಡಗುಗಳ ಎದುರು ನಿಂತು ಅವನು ಬರೆದ ವಿವರ ಇವತ್ತಿನ ದೋಣಿವಾಸಿಗಳೂ ಓದಬೇಕಾದದ್ದು. ಬೀಗ ಹಾಕಿಕೊಳ್ಳುವ ಕೋಣೆಗಳು, ಕೆಲವಕ್ಕೆ ಒಳಗೇ ಶೌಚಾಲಯ. ನಾವಿಕರ ಮಕ್ಕಳು ಹಡಗಿನಲ್ಲೇ ವಾಸ. ಮರದ ತೊಟ್ಟಿಗಳಲ್ಲಿ ಸೊಪ್ಪು, ತರಕಾರಿ, ಶುಂಠಿಯ ಬೆಳೆ.

ತನಗೂ ಅಂಥದೊಂದು ಪ್ರತ್ಯೇಕ ಕೋಣೆ ಬೇಕೆಂದು ಅವನು ಹಟ ಹಿಡಿದ. ಚೀನೀ ವರ್ತಕರು ಹೋಗಿ ಬರುವುದಕ್ಕೆ ಎಲ್ಲವನ್ನೂ ಮೊದಲೇ ಹಿಡಿದಿಟ್ಟಿದ್ದರು. ಉಳಿದದ್ದು ಒಂದೇ, ಅದರಲ್ಲಿ ಶೌಚಾಲಯವಿಲ್ಲ. ಆತ ಬೇಡವೆಂದು ತನ್ನ ಸಾಮಾನು, ದಾಸಿಯರನ್ನೆಲ್ಲ ಚಿಕ್ಕ ಹಡಗೊಂದಕ್ಕೆ ಸಾಗಿಸಿದ. ಶುಕ್ರವಾರದ ನಮಾಜಿಗೆಂದು ತಾನು ದಡದಲ್ಲೇ ಉಳಿದಾಗ ಬಿರುಗಾಳಿ ಎದ್ದು ದೊಡ್ಡ ಹಡಗು ಒಡೆಯಿತು, ಚಿಕ್ಕದು ಇವನನ್ನು ಬಿಟ್ಟು ಹೊರಟೇಹೋಯಿತು. ಅದರಲ್ಲಿದ್ದ ಗರ್ಭಿಣಿ ದಾಸಿ ಸತ್ತ ಸುದ್ದಿ ಅವನಿಗೆ ಎಷ್ಟೋ ಕಾಲದ ಮೇಲೆ ಮುಟ್ಟಿತು. ಹಡಗಿನ ಸಂಸಾರ ಎಂದಾಗ ಎಲ್ಲರೂ ಇಷ್ಟಪಟ್ಟು ಹತ್ತಿದವರಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು.

1573ರಲ್ಲಿ ಅಕ್ಬರ್ ಸೂರತ್ ಕೋಟೆಯನ್ನು ಹಿಡಿದ ಮೇಲೆ ಮುಘಲರಿಗೆ ಸ್ವಂತ ಕಡಲ ಬಾಗಿಲು ಸಿಕ್ಕಿತು. ಊರು ತಾಪಿ ನದಿಯ ದಂಡೆಯಲ್ಲಿ, ಸಮುದ್ರದಿಂದ ಒಳಗಿದೆ. ನದಿ ಬಾಯಿಯಲ್ಲಿ ಮರಳ ದಿಬ್ಬ. ತುಂಬಿದ ದೊಡ್ಡ ಹಡಗು ಅದನ್ನು ದಾಟಲಾರದೆ ಹೊರಗೇ ಲಂಗರು ಹಾಕಬೇಕು. ಜನ, ಸರಕು ಎರಡೂ ಸಣ್ಣ ದೋಣಿಗಳಲ್ಲಿ ಹೋಗಿ ಹತ್ತಬೇಕು. ಖಂಭಾತ ಕೊಲ್ಲಿಯ ಭರತ ಇಳಿತವೆಂದರೆ ದೇಶದಲ್ಲೇ ಹೆಚ್ಚು. ಕೂಸನ್ನು ಕಂಕುಳಲ್ಲಿ ಹಿಡಿದ ತಾಯಿ ಓಲಾಡುವ ದೋಣಿಯಿಂದ ಹಡಗಿನ ಪಕ್ಕೆಗೆ ದಾಟುವ ಆ ಗಳಿಗೆಯನ್ನು ಯಾವ ಆಸ್ಥಾನ ಇತಿಹಾಸಕಾರನೂ ಬರೆದಿಟ್ಟಿಲ್ಲ. ಬೇಗಂಗಳ ಪ್ರಯಾಣದ ಬಗ್ಗೆ ಮಾತ್ರ ಒಂದಿಷ್ಟು ಬರೆದಿದ್ದಾರೆ.

ಹಡಗುಗಳೇನೂ ಸಣ್ಣವಲ್ಲ. ಜಹಾಂಗೀರನ ತಾಯಿ ಮರಿಯಮ್ ಉಜ್ ಜಮಾನಿಯ 'ರಹೀಮಿ'ಯನ್ನು 1612ರಲ್ಲಿ ಕೆಂಪು ಸಮುದ್ರದಲ್ಲಿ ಇಂಗ್ಲಿಷರು ಅಳೆದು ಬರೆದುಕೊಂಡರು: ಉದ್ದ 153 ಅಡಿ, ಅಗಲ 42 ಅಡಿ, ಆಳ 31 ಅಡಿ. ಇವತ್ತು ಕುಟುಂಬಗಳು ಕೊಳ್ಳುವ ಹಾಯಿದೋಣಿ ಉದ್ದದಲ್ಲಿ ಸಾಮಾನ್ಯವಾಗಿ ಅದರ ಅಗಲದಷ್ಟಿರುತ್ತದೆ. ಆದರೆ ರಹೀಮಿಯಲ್ಲಿ ನೂರಾರು ಜನ. ಜೊತೆಗೆ ಅಹಮದಾಬಾದಿನ ಬಟ್ಟೆ, ಅದರ ಪಕ್ಕದ ಸರ್ಖೇಜಿನ ನೀಲಿ, ವಡೋದರಾ ದಾರಿಯಲ್ಲಿ ಗಾಡಿಗಳ ಮೇಲೆ ಇಳಿದು ಬಂದ ಮೂಟೆಗಳು, ಭರೂಚಿನ ಬಾಫ್ತಾ ಬಟ್ಟೆ. ಯಾತ್ರೆ, ವ್ಯಾಪಾರ ಬೇರೆ ಬೇರೆ ಆಗಿರಲಿಲ್ಲ. ಹೋಗುವಾಗ ಬಟ್ಟೆ ಮಾರಿ ಬರುವಾಗ ಬೆಳ್ಳಿ ತಂದರೆ ಯಾತ್ರೆಯ ಖರ್ಚು ಗಿಟ್ಟುತ್ತಿತ್ತು.

ಈ ಮನೆ ನಡೆಯುತ್ತಿದ್ದದ್ದು ಹೇಗೆ ಎಂಬುದಕ್ಕೆ ಅಕ್ಬರನ ಆಸ್ಥಾನದ ಅಬುಲ್ ಫಜಲನ 'ಐನ್-ಇ-ಅಕ್ಬರಿ'ಯಲ್ಲಿ ಒಳ್ಳೆಯ ಕಿಟಕಿಯೊಂದಿದೆ. ಹಡಗಿನ ಸಿಬ್ಬಂದಿಯಲ್ಲಿ ಅವನು ಹನ್ನೆರಡು ಬಗೆಯವರನ್ನು ಹೇಳುತ್ತಾನೆ. ನಾಖುದಾ ಹಡಗಿನ ಯಜಮಾನ. ನಕ್ಷತ್ರ ನೋಡಿ ದಾರಿ ಹಿಡಿಯುವವನು ಮುಅಲ್ಲಿಮ್. ಖಾರ್ವಾಗಳ, ಎಂದರೆ ಸಾಮಾನ್ಯ ನಾವಿಕರ, ಮೇಲಿನ ಮೇಸ್ತ್ರಿ ತಾಂಡೇಲ್. ಈ ಪದವನ್ನು ಮಲ್ಪೆ, ಗಂಗೊಳ್ಳಿಯ ಮೀನುಗಾರರಿಗೆ ಯಾರೂ ವಿವರಿಸಬೇಕಿಲ್ಲ. ಪಂಜರಿ ಕಂಬದ ತುದಿ ಹತ್ತಿ ದಡ, ಹಡಗು, ಬಿರುಗಾಳಿ ಕಂಡರೆ ಕೂಗುವವನು. ಗುಮ್ಟಿಯ ಕೆಲಸ ಒಳಗೆ ಸೇರಿದ ನೀರನ್ನು ಎತ್ತಿ ಚೆಲ್ಲುವುದು.

ನನಗೆ ಎಲ್ಲಕ್ಕಿಂತ ಇಷ್ಟವಾದವರು ಇನ್ನಿಬ್ಬರು. 'ನಾಖುದಾ ಖಷಬ್' ಎಂಬವನು ಪ್ರಯಾಣಿಕರಿಗೆ ಸೌದೆ, ಹುಲ್ಲು ಒದಗಿಸುವವನು. ಅಂದರೆ ಅಡುಗೆ ಅವರವರದೇ. ಮರದ ಹಡಗಿನ ಮೇಲೆ ಒಲೆ ಹೊತ್ತಿಸಿ ಖಿಚಡಿ ಬೇಯಿಸುವುದೆಂದರೆ ಗಾಳಿ, ಕಿಡಿ, ಪಕ್ಕದವರ ಬೈಗುಳ ಮೂರನ್ನೂ ಸಂಭಾಳಿಸಬೇಕು. ಎರಡನೆಯವನು ಕರಾಣಿ. ಲೆಕ್ಕ ಬರೆಯುವ ಗುಮಾಸ್ತ, ಜೊತೆಗೆ ಪ್ರಯಾಣಿಕರಿಗೆ ಕುಡಿಯುವ ನೀರು ಹಂಚುವವನೂ ಅವನೇ. ಲೆಕ್ಕದವನ ಕೈಗೆ ನೀರು ಕೊಟ್ಟಿದ್ದರಲ್ಲಿ ಅರ್ಥವಿದೆ. ಕಡಲ ನಡುವೆ ಬೆಳ್ಳಿಗಿಂತ ಮೊದಲು ಎಣಿಸಬೇಕಾದದ್ದು ಅದನ್ನೇ. ಜ್ವರದ ಮಗುವಿಗೆ ಇನ್ನೊಂದು ಲೋಟ ಬೇಕೆಂದರೆ ಹೋಗಿ ನಿಲ್ಲಬೇಕಾದದ್ದು ನಾಖುದಾನ ಮುಂದಲ್ಲ, ಈ ಗುಮಾಸ್ತನ ಮುಂದೆ.

ಸಂಬಳದ ಪಟ್ಟಿಯೂ ಅಲ್ಲಿದೆ. ಬಂಗಾಳದ ಸಾತ್‌ಗಾಂವಿನಲ್ಲಿ ನಾಖುದಾನಿಗೆ 400 ರೂಪಾಯಿ, ಮೇಲೆ ಹಡಗಿನಲ್ಲಿ ನಾಲ್ಕು 'ಮಲೀಖ್', ಎಂದರೆ ನಾಲ್ಕು ವಿಭಾಗಗಳ ಹಕ್ಕು. ಅದರಲ್ಲಿ ಅವನು ತನ್ನ ಸರಕನ್ನೇ ತುಂಬಬಹುದು, ಬೇರೆಯವರಿಗೆ ಬಾಡಿಗೆಗೂ ಕೊಡಬಹುದು. ಖಂಭಾತದಲ್ಲಿ ಸಂಬಳ 800. ಗುಜರಾತಿನ ನಾಖುದಾನಿಗೆ ಬಂಗಾಳದವನ ಎರಡರಷ್ಟು ಎಂದರೆ ಈ ಕರಾವಳಿಯ ವ್ಯಾಪಾರದ ಭರಾಟೆ ಎಷ್ಟಿದ್ದಿರಬೇಕು!

ಸೂರತ್ತಿನಿಂದ ಹೊರಟ ಸಂಸಾರಗಳಲ್ಲಿ ದೊಡ್ಡದು ಗುಲ್ಬದನ್ ಬೇಗಂಳದು. ಬಾಬರನ ಮಗಳು, ಅಕ್ಬರನ ಸೋದರತ್ತೆ, ಆಗ ವಯಸ್ಸು ಐವತ್ತು ದಾಟಿತ್ತು. ಅಕ್ಬರನ ಹೆಂಡತಿ ಸಲೀಮಾ ಸುಲ್ತಾನ್ ಬೇಗಂ, ಗುಲ್ಬದನಳ ಸೋದರ ಕಾಮ್ರಾನನ ಇಬ್ಬರು ಹೆಣ್ಣುಮಕ್ಕಳು, ಇನ್ನೊಬ್ಬ ಸೋದರ ಅಸ್ಕರಿಯ ವಿಧವೆ, ಗುಲ್ಬದನಳ ಮೊಮ್ಮಗಳು ಉಮ್ಮ್ ಕುಲ್ಸುಮ್ ಎಲ್ಲರೂ ಒಟ್ಟಿಗೆ 1575ರಲ್ಲಿ ಫತೇಪುರ ಸಿಕ್ರಿಯಿಂದ ಹೊರಟರು. ಸೂರತ್ತಿಗೆ ಬಂದರೆ ಪೋರ್ಚುಗೀಸರ ಪರವಾನಗಿ ಇಲ್ಲ. ಅರಬ್ಬೀ ಸಮುದ್ರದಲ್ಲಿ ತಮ್ಮ ಚೀಟಿಯಿಲ್ಲದ ಹಡಗನ್ನು ಅವರು ಹಿಡಿಯುತ್ತಿದ್ದರು. ಆ ಚೀಟಿಯ ಮೇಲೆ ಮೇರಿ ಮತ್ತು ಯೇಸುವಿನ ಚಿತ್ರ ಇರುತ್ತದೆ, ಅದನ್ನು ಹಿಡಿದು ಹಜ್‌ಗೆ ಹೋಗುವುದು ಸಲ್ಲದು ಎಂದು ವಾದಿಸಿದ ಮೌಲ್ವಿಗಳೂ ಇದ್ದರು. ರಾಜಮನೆತನದ ಹೆಂಗಸರೇ ತಿಂಗಳುಗಟ್ಟಲೆ ಸೂರತ್ತಿನಲ್ಲಿ ಕುಳಿತರು. 1576ರ ಅಕ್ಟೋಬರಿನಲ್ಲಿ ಕೊನೆಗೂ 'ಸಲೀಮಿ' ಹಡಗು ಹೆಂಗಸರನ್ನು, 'ಇಲಾಹಿ' ಉಳಿದವರನ್ನು ಹೊತ್ತು ಹಾಯಿ ಬಿಚ್ಚಿತು.

ಅರೇಬಿಯಾದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ನಿಂತು, ನಾಲ್ಕು ಹಜ್ ಮುಗಿಸಿ ಹಿಂತಿರುಗುವಾಗ ಏಡನ್ ಬಳಿ ಹಡಗು ಒಡೆಯಿತು. ಅಲ್ಲಿಯ ಅಧಿಕಾರಿ ಒಳ್ಳೆಯವನಲ್ಲ. ದಿಕ್ಕುಗೆಟ್ಟ ಕುಟುಂಬ ಬಂದರಿನಲ್ಲೇ ಸಿಕ್ಕಿಕೊಂಡಿತು. 1580ರಲ್ಲಿ ಒಂದು ದಿನ ದೂರದಲ್ಲಿ ಭಾರತದ ಕಡೆಯಿಂದ ಬರುವ ಹಡಗು ಕಂಡಿತು. ಯಾರೆಂದು ತಿಳಿಯಲು ಬೇಗಂಗಳು ದೋಣಿ ಅಟ್ಟಿದರು. ಅದರಲ್ಲಿದ್ದವನು ಬಾಯಜೀದ್ ಬಯಾತ್, ಹುಮಾಯೂನನ ಕಾಲದ ಹಳೆಯ ಸೇವಕ. ಜೊತೆಗೆ ಅವನ ಹೆಂಡತಿ, ಮಕ್ಕಳು. ಅಲ್ಲಿ ಊರಿನ ಸುದ್ದಿ ವಿನಿಮಯವಾಯಿತು. ಚಕ್ರವರ್ತಿಯ ಅತ್ತೆಯೂ ಹಳೆಯ ನೌಕರನ ಮಕ್ಕಳೂ ಏಡನ್ನಿನ ನೀರಿನಲ್ಲಿ ಎದುರಾಗಬೇಕಾದರೆ ಕುಟುಂಬ ಸಮೇತ ಕಡಲು ದಾಟುವುದು ಅಪರೂಪದ ಸಾಹಸವಾಗಿ ಉಳಿದಿರಲಿಲ್ಲ.

ಗುಲ್ಬದನ್ 1582ರಲ್ಲಿ ಫತೇಪುರ ಸಿಕ್ರಿಗೆ ಮರಳಿದಳು. ಆಮೇಲೆ ಅಕ್ಬರನ ಮಾತಿನ ಮೇಲೆ 'ಹುಮಾಯೂನ್‌ನಾಮಾ' ಬರೆದಳು. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಅದರ ಹಸ್ತಪ್ರತಿ ಯಾತ್ರೆಗಿಂತ ಎಷ್ಟೋ ವರ್ಷ ಹಿಂದಿನ ಘಟನೆಯ ನಡುವೆಯೇ ತುಂಡಾಗಿದೆ. ಹೀಗಾಗಿ ಹಡಗಿನ ಮನೆಯ ಕಥೆಗೆ ಗಂಡಸರ ಬರಹವೇ ಗತಿ. ಅದರಲ್ಲಿ ಒಂದು ಮಾತ್ರ ಗೃಹಕೃತ್ಯಕ್ಕೆ ಹತ್ತಿರದ್ದು. ಔರಂಗಜೇಬನ ಮಗಳು ಜೇಬುನ್ನೀಸಾಳ ಆಶ್ರಯದಲ್ಲಿ 1676ರಲ್ಲಿ ಸಫೀ ಕಜ್ವೀನಿ ಎಂಬ ಪಂಡಿತ ಸೂರತ್ತಿನಿಂದ ಹಜ್‌ಗೆ ಹೋಗಿಬಂದು 'ಅನೀಸುಲ್ ಹುಜ್ಜಾಜ್' ಎಂಬ ಕೈಪಿಡಿ ಬರೆದ. ಯಾತ್ರಿಕನಿಗೆ ದಾರಿಯುದ್ದಕ್ಕೂ ಬೇಕಾಗುವ ಬುದ್ಧಿಮಾತು ಅದರಲ್ಲಿದೆ. ಅದರ ಸಚಿತ್ರ ಪ್ರತಿಯೊಂದು ಲಂಡನ್ನಿನ ಖಲೀಲಿ ಸಂಗ್ರಹದಲ್ಲಿದೆ. ಒಬ್ಬ ಹೆಂಗಸು ದುಡ್ಡು ಕೊಟ್ಟು ಬರೆಸಿದ್ದಕ್ಕೇ ಇಷ್ಟಾದರೂ ದಕ್ಕಿತು ಎನ್ನುವುದು ನನ್ನ ಗುಮಾನಿ.

ನಮ್ಮ ವಿಜಯಪುರದಲ್ಲೂ ಇಂಥ ಒಬ್ಬ ಗಟ್ಟಿಗಿತ್ತಿ ಇದ್ದಳು. ಮುಹಮ್ಮದ್ ಆದಿಲ್ ಶಾಹನ ವಿಧವೆ ಬಡೀ ಸಾಹಿಬಾ, ಗೋಲ್ಕೊಂಡದ ಮಗಳು. 1661ರಲ್ಲಿ ಅವಳು ಡಚ್ಚರ ಹಡಗಿನಲ್ಲಿ ಮೆಕ್ಕಾ ಯಾತ್ರೆಗೆ ಹೊರಟಳು. ಪೋರ್ಚುಗೀಸರ ಚೀಟಿಗೆ ಕಾಯುವ ಬದಲು ಅವರ ವೈರಿಗಳ ಹಡಗನ್ನೇ ಹತ್ತಿದ ಜಾಣತನ ಮೆಚ್ಚಬೇಕಾದ್ದು.

ಚೀಟಿ ಇದ್ದರೂ ಕಾಪಾಡುತ್ತದೆಂಬ ಭರವಸೆ ಇರಲಿಲ್ಲ. 1613ರಲ್ಲಿ ರಹೀಮಿಯನ್ನು ಪೋರ್ಚುಗೀಸರು ಸೂರತ್ತಿನ ಎದುರಿಗೇ ಹಿಡಿದು ಗೋವಾಕ್ಕೆ ಒಯ್ದರು. ಚಕ್ರವರ್ತಿಯ ತಾಯಿಯ ಹಡಗು, ಪರವಾನಗಿಯೂ ಇತ್ತು. ಜಹಾಂಗೀರ್ ದಮನ್‌ಗೆ ಮುತ್ತಿಗೆ ಹಾಕಿಸಿದ. ಅದಕ್ಕಿಂತ ಘೋರವಾದದ್ದು 1695ರ ಸೆಪ್ಟೆಂಬರಿನಲ್ಲಿ. ಯಾತ್ರಿಕರನ್ನು ತುಂಬಿಕೊಂಡು ಮರಳುತ್ತಿದ್ದ ಔರಂಗಜೇಬನ 'ಗಂಜ್-ಇ-ಸವಾಯಿ'ಯನ್ನು ಇಂಗ್ಲಿಷ್ ಕಡಲ್ಗಳ್ಳ ಹೆನ್ರಿ ಎವರಿ ಅಡ್ಡಗಟ್ಟಿದ. ಹೆಂಗಸರ ಮೇಲೆ ನಡೆದ ಅತ್ಯಾಚಾರವನ್ನೂ, ಕೆಲವರು ಮಾನ ಉಳಿಸಿಕೊಳ್ಳಲು ಕಡಲಿಗೆ ಹಾರಿದ್ದನ್ನೂ ಮುಘಲ್ ಇತಿಹಾಸಕಾರ ಖಾಫಿ ಖಾನ್ ಬರೆದಿದ್ದಾನೆ. ಎವರಿ ಕೊನೆಗೂ ಸಿಗಲಿಲ್ಲ. ಇಂಗ್ಲೆಂಡಿನಲ್ಲಿ ಅವನ ಮೇಲೆ ಲಾವಣಿ, ನಾಟಕ ಹುಟ್ಟಿದವು. ಮುಘಲ್ ರಾಜಕುಮಾರಿಯನ್ನು ಮದುವೆಯಾದನೆಂಬ ಕಟ್ಟುಕಥೆ ಬೇರೆ. ಇಂದಿಗೂ ಕಡಲ್ಗಳ್ಳರ ಪುಸ್ತಕಗಳಲ್ಲಿ ಈ ಪ್ರಸಂಗವನ್ನು ಲೂಟಿಯ ಮೊತ್ತದಿಂದಲೇ ಅಳೆಯುತ್ತಾರೆ. ಹಡಗಿನಲ್ಲಿದ್ದ ಮನೆಗಳ ಲೆಕ್ಕ ಯಾರಿಗೂ ಬೇಡ. ಮುಘಲ್ ಅಧಿಕಾರಿಗಳು ಸೂರತ್ತಿನ ಇಂಗ್ಲಿಷ್ ಕೋಠಿಯವರನ್ನು ಕೂಡಿಹಾಕಿ ಅವರ ವ್ಯಾಪಾರ ನಿಲ್ಲಿಸಿದ ಮೇಲೆಯೇ ಐರೋಪ್ಯ ಕಂಪನಿಗಳು ಯಾತ್ರಾ ಹಡಗುಗಳಿಗೆ ಬೆಂಗಾವಲು ಕೊಡಲು ಒಪ್ಪಿದ್ದು.

ತಾಪಿಯಲ್ಲಿ ಹೂಳು ತುಂಬುತ್ತ, ಮುಂಬೈ ಬೆಳೆಯುತ್ತ ಬಂದಂತೆ ಸೂರತ್ತಿನ ದೊಡ್ಡ ಹಡಗುಗಳ ಕಾಲ ಮುಗಿಯಿತು. ಹಡಗು ಕಟ್ಟುವ ಕೈಗಳೂ ಮುಂಬೈಗೆ ಹೋದವು: ಸೂರತ್ತಿನ ಪಾರ್ಸಿ ಬಡಗಿ ಲೌಜಿ ನುಸ್ಸೇರ್ವಾನ್‌ಜಿ ವಾಡಿಯಾ 1736ರಲ್ಲೇ ಈಸ್ಟ್ ಇಂಡಿಯಾ ಕಂಪನಿಯ ಕರೆಯ ಮೇಲೆ ಅಲ್ಲಿಗೆ ಹೊರಟಿದ್ದ. ಅವನ ವಂಶದವರು 1817ರಲ್ಲಿ ಮಲಬಾರಿನ ತೇಗದಿಂದ ಕಟ್ಟಿದ 'ಟ್ರಿಂಕೋಮಲಿ' ಈಗಲೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲಿನಲ್ಲಿ ತೇಲುತ್ತಿದೆ. ಹಾಯಿಯ ಜಾಗಕ್ಕೆ ಉಗಿಹಡಗು ಬಂತು, ಯಾತ್ರಿಕರು ಮುಂಬೈಯಲ್ಲಿ ಹತ್ತತೊಡಗಿದರು. ಆ ಸಾಲಿನ ಕೊನೆಯ ಹಡಗು 'ಅಕ್ಬರಿ' 1995ರಲ್ಲಿ ನಿಂತಿತು. ಗುಜರಾತಿನ ಯಾತ್ರಿಕ ಕುಟುಂಬಗಳು ಈಗ ಅಹಮದಾಬಾದಿನಲ್ಲಿ ವಿಮಾನ ಹತ್ತಿ ಕೆಲವೇ ಗಂಟೆಗಳಲ್ಲಿ ಅರೇಬಿಯಾದಲ್ಲಿ ಇಳಿಯುತ್ತವೆ.