ಸೂಜಿಗೆ ಕಣ್ಣಾದ ಸದ್ದು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಮನೆಗಳಲ್ಲಿ ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿದ ಕಾಯಿಯನ್ನು ಒಡೆಯುವ ಮುನ್ನ ಕಿವಿಯ ಹತ್ತಿರ ಹಿಡಿದು ಅಲುಗಿಸುವುದುಂಟು. ಲೊಡಲೊಡ ಎಂದರೆ ಕೊಬ್ಬರಿ ಚಿಪ್ಪು ಬಿಟ್ಟಿದೆ. ಕುಳುಕಿದರೆ ಒಳಗೆ ಇನ್ನೂ ನೀರಿದೆ. ಒಡೆಯದೆಯೇ ಸದ್ದಿನಿಂದ ಒಳಗನ್ನು ತಿಳಿಯುವ ಈ ಉಪಾಯ ವೈದ್ಯರಲ್ಲೂ ಇದೆ. ಅವರ ಸದ್ದು ಮಾತ್ರ ನಮ್ಮ ಕಿವಿಗೆ ಕೇಳುವುದಿಲ್ಲ.

ನಮ್ಮ ದೊಡ್ಡಪ್ಪ ಕೊಬ್ಬರಿಯ ಸದ್ದು ಹಿಡಿಯುವುದರಲ್ಲಿ ನಿಪುಣರು. ಆದರೆ ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತಿದ್ದುದನ್ನು ಎರಡು ವರ್ಷ ಯಾರಿಗೂ ಹೇಳಲಿಲ್ಲ. ನಾನೇ ಗಮನಿಸಿ ಕೇಳಿದಾಗ, "ವಯಸ್ಸಾಯ್ತಲ್ಲ, ಬಿಡೋ" ಎಂದುಬಿಟ್ಟರು.

ಪ್ರಾಸ್ಟೇಟ್ ಗಂಡಸರಲ್ಲಿ ಮಾತ್ರ ಇರುವ ಗ್ರಂಥಿ. ಗಾತ್ರ ಸಿಪ್ಪೆ ಸುಲಿಯದ ಅಡಿಕೆಯಷ್ಟು. ಮೂತ್ರಕೋಶದ ಕೆಳಗೆ, ಗುದನಾಳದ ಮುಂದೆ, ಮೂತ್ರನಾಳವನ್ನು ಸುತ್ತುವರಿದು ಕುಳಿತಿರುತ್ತದೆ. ವಯಸ್ಸಾದಂತೆ ಅದು ಹಿಗ್ಗಿ ಮೂತ್ರನಾಳವನ್ನು ಒತ್ತುವುದು ಸಾಮಾನ್ಯ; ಹಾಗೆ ಹಿಗ್ಗಿದ್ದೆಲ್ಲ ಕ್ಯಾನ್ಸರ್ ಅಲ್ಲ. ಆದರೆ ಕ್ಯಾನ್ಸರ್ ಇದ್ದರೂ ಆರಂಭದಲ್ಲಿ ಅದು ಯಾವ ಸೂಚನೆಯನ್ನೂ ಕೊಡದಿರಬಹುದು.

ಇಲ್ಲಿ ನೆರವಿಗೆ ಬರುವುದು ಶ್ರವಣಾತೀತ ಧ್ವನಿ, ಅಂದರೆ ಅಲ್ಟ್ರಾಸೌಂಡ್. ನಮ್ಮ ಕಿವಿ ಸೆಕೆಂಡಿಗೆ 20ರಿಂದ 20,000 ಕಂಪನಗಳನ್ನು ಕೇಳಬಲ್ಲದು. ಪ್ರಾಸ್ಟೇಟ್ ಪರೀಕ್ಷೆಗೆ ಬಳಸುವ ಧ್ವನಿ ಸೆಕೆಂಡಿಗೆ ಸುಮಾರು 70 ಲಕ್ಷ ಬಾರಿ ಕಂಪಿಸುತ್ತದೆ. ಬೆರಳು ಗಾತ್ರದ ಸಲಕರಣೆಯನ್ನು ಗುದನಾಳದೊಳಗೆ ಇಟ್ಟರೆ ಗ್ರಂಥಿ ಅದಕ್ಕೆ ತೀರ ಹತ್ತಿರ. ದೇಹದಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1540 ಮೀಟರ್. ಹಾಗಾದರೆ 3 ಸೆಂ.ಮೀ. ಆಳಕ್ಕೆ ಹೋಗಿ ಪ್ರತಿಧ್ವನಿ ಮರಳಲು ಎಷ್ಟು ಕಾಲ ಬೇಕು? ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಲಿ: ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 39 ಭಾಗ! ಇಂಥ ಪ್ರತಿಧ್ವನಿಗಳನ್ನು ಕಂಪ್ಯೂಟರ್ ಜೋಡಿಸಿ ಚಿತ್ರ ಬಿಡಿಸುತ್ತದೆ. 1960ರ ದಶಕದ ಕೊನೆಯಲ್ಲಿ ಜಪಾನಿನ ಹಿರೋಕಿ ವಟನಾಬೆ ಈ ದಾರಿಯಿಂದ ಪ್ರಾಸ್ಟೇಟಿನ ಚಿತ್ರ ಪಡೆದರು.

ಒಂದು ಮಾತು ನೆನಪಿರಲಿ. ಈ ಚಿತ್ರವೊಂದನ್ನೇ ನೋಡಿ ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಹೇಳಲಾಗದು. ಎಷ್ಟೋ ಗಡ್ಡೆಗಳು ಸುತ್ತಲಿನ ಭಾಗದಂತೆಯೇ ಕಾಣುತ್ತವೆ. ಆದ್ದರಿಂದ ಈಗ ಅನೇಕ ಕಡೆ ಮೊದಲು ಎಂಆರ್‌ಐ ತೆಗೆದು, ಅನುಮಾನದ ಜಾಗ ಗುರುತಿಸಿ, ಆ ನಕ್ಷೆಯನ್ನು ಅಲ್ಟ್ರಾಸೌಂಡಿನ ಜೀವಂತ ಚಿತ್ರದ ಮೇಲೆ ಕೂಡಿಸುತ್ತಾರೆ. ಸೂಜಿ ಎಲ್ಲಿಗೆ ಹೋಗುತ್ತಿದೆ ಎಂಬುದು ಪರದೆಯ ಮೇಲೆ ಕಾಣುತ್ತದೆ. ಅದು ತಂದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆಯೇ ತೀರ್ಮಾನ.

ಚಿಕಿತ್ಸೆಗೂ ಇದೇ ಕಣ್ಣು. 1983ರಲ್ಲಿ ಡೆನ್ಮಾರ್ಕಿನ ಹಾನ್ಸ್ ಹೆನ್ರಿಕ್ ಹೋಲ್ಮ್ ಮತ್ತು ಸಂಗಡಿಗರು, ಅಲ್ಟ್ರಾಸೌಂಡ್ ನೋಡಿಕೊಂಡೇ ವಿಕಿರಣಶೀಲ ಅಯೋಡಿನ್-125ರ ಪುಟ್ಟ 'ಬೀಜ'ಗಳನ್ನು ಗ್ರಂಥಿಯೊಳಗೆ ನೆಟ್ಟ ವಿಧಾನವನ್ನು ಪ್ರಕಟಿಸಿದರು. ಅಕ್ಕಿಕಾಳಿನಷ್ಟಿರುವ ಈ ಬೀಜಗಳ ಅರ್ಧಾಯು ಸುಮಾರು 60 ದಿನ. ವಿಕಿರಣದ ಬಹುಪಾಲು ಗ್ರಂಥಿಗೇ ತಾಗಿ, ನೆರೆಯ ಮೂತ್ರಕೋಶ, ಗುದನಾಳಗಳಿಗೆ ಪೆಟ್ಟು ಕಡಿಮೆ. ಇನ್ನೊಂದು ವಿಧಾನದಲ್ಲಿ ಧ್ವನಿಯೇ ಮದ್ದು. ಭೂತಗನ್ನಡಿ ಬಿಸಿಲನ್ನು ಒಂದೆಡೆ ಸೇರಿಸಿ ಕಾಗದ ಸುಡುವಂತೆ, ತೀವ್ರ ಧ್ವನಿಯನ್ನು ಒಂದೇ ಬಿಂದುವಿಗೆ ಸೇರಿಸಿ, 60 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಶಾಖದಿಂದ ರೋಗದ ಭಾಗವನ್ನು ಸುಡುತ್ತಾರೆ. ಇದು ಆಯ್ದ ರೋಗಿಗಳಿಗೆ ಮಾತ್ರ.

ಇವೆಲ್ಲ ಫಲಿಸಬೇಕಾದರೆ ರೋಗ ಗ್ರಂಥಿಯ ಎಲ್ಲೆಯೊಳಗೇ ಇರಬೇಕು. ದೊಡ್ಡಪ್ಪ ಬಾಯಿಬಿಟ್ಟದ್ದು ಬೆನ್ನುನೋವು ತಡೆಯಲಾಗದಾದ ಮೇಲೆ. ಬೆಂಗಳೂರಿಗೆ ಕರೆದೊಯ್ದೆವು. ಅಷ್ಟರಲ್ಲಿ ರೋಗ ಬೆನ್ನುಮೂಳೆಗೆ ಹಬ್ಬಿತ್ತು. ಹಾರ್ಮೋನು ತಗ್ಗಿಸುವ ಚಿಕಿತ್ಸೆಯಿಂದ ಮೂರು ವರ್ಷ ನಮ್ಮೊಂದಿಗಿದ್ದರು. ಗುರಿ ಹಿಡಿಯುವ ಯಂತ್ರ ಎಷ್ಟು ಚೆನ್ನಾಗಿದ್ದರೇನು, ಗುರಿಯೇ ಚದುರಿ ಹೋಗಿತ್ತು.

ಐವತ್ತು ದಾಟಿದ ಗಂಡಸರು ಪಿಎಸ್‌ಎ ಎಂಬ ರಕ್ತಪರೀಕ್ಷೆ ತಮಗೆ ಬೇಕೇ ಎಂದು ವೈದ್ಯರನ್ನು ಕೇಳುವುದರಲ್ಲಿ ಸಂಕೋಚ ಬೇಡ. ಅದು ಹೆಚ್ಚಿದ್ದ ಮಾತ್ರಕ್ಕೆ ಕ್ಯಾನ್ಸರ್ ಎಂದು ಹೆದರುವುದೂ ಬೇಡ. ಕ್ಯಾನ್ಸರಿಗೆಂದೇ 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆ ಬೆಂಗಳೂರಿನಲ್ಲಿದೆ. ತಿಪಟೂರಿನಿಂದ ರೈಲು ಹತ್ತಿದರೆ ಅರ್ಧ ದಿನದ ದಾರಿಯೂ ಅಲ್ಲ.

ಮಕ್ಕಳೇ, ನಿಮ್ಮ ತಾತ ರಾತ್ರಿ ಪದೇ ಪದೇ ಎದ್ದು ಹಿತ್ತಲ ಬಾಗಿಲು ತೆರೆಯುವ ಸದ್ದು ಕೇಳಿಸಿದರೆ ಮಗ್ಗುಲು ಬದಲಿಸಿ ಮಲಗಬೇಡಿ. ಬೆಳಿಗ್ಗೆ ಅಪ್ಪನಿಗೆ ಹೇಳಿ. ಆ ಸದ್ದನ್ನು ಹಿಡಿಯಲು ಯಾವ ಯಂತ್ರವೂ ಬೇಡ.